ರೇವಯ್ಯನ ಸ್ಕೂಟರು, ಗೌರಾಬಾಯಿಯ ಮಣ್ಣು

ಮರಾಠಿ ಸೀಮೆಯ ಉಮರಗಾದ ರೇವಯ್ಯನಿಗೆ ಒಂದೆಡೆ ಕೂತು ಗೊತ್ತಿರಲಿಲ್ಲ. ಜಂಗಮರ ಮನೆತನ. ಅಪ್ಪನ ಕಾಲದಿಂದ ನಡೆದುಬಂದ ಭಕ್ತರ ಮನೆಗಳು ಮಾಕಣಿ, ನಿಲಂಗಾ, ಶಿರೂರ ಅನಂತಪಾಳದವರೆಗೆ ಚೆಲ್ಲಿಕೊಂಡಿದ್ದವು. ಹೆಸರಿಡುವುದಿರಲಿ, ಮದುವೆಯಿರಲಿ, ಮಣ್ಣು ಕೊಡುವುದಿರಲಿ, ಅವನೇ ಬೇಕು. ಒಂದು ಮನೆಯಲ್ಲಿ ಮಂತ್ರ ಹೇಳುವಾಗಲೇ ಮನಸ್ಸು ಮುಂದಿನೂರಿನ ರಸ್ತೆ ಹಿಡಿದಿರುತ್ತಿತ್ತು. ಚಹಾ ಕುಡಿಯುವುದೂ ನಿಂತೇ, ಅಂಗಳದಲ್ಲಿ ಸ್ಕೂಟರು ಚಾಲೂ ಇಟ್ಟುಕೊಂಡು.

ಇದನ್ನು ಸಹಿಸದವಳು ಮಾಕಣಿಯ ಗೌರಾಬಾಯಿ ಒಬ್ಬಳೇ. ಎಂಬತ್ತು ದಾಟಿದ ಮುದುಕಿ ಕೋಲೂರಿಕೊಂಡು ಬಂದು, ಸ್ಕೂಟರಿನ ಕೀಲಿ ತಿರುವಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು.

"ಅಯ್ಯನೋರ, ಕುಂದರ್ರಿ. ಉಂಡ ಮ್ಯಾಲೆ ಕೀಲಿ ಕೊಡ್ತೀನಿ."

ಆಗ ಅವನು ಕೂರುತ್ತಿದ್ದ. ಕೂತರೂ ಮೊಣಕಾಲು ಮಾತ್ರ ಕುಣಿಯುತ್ತಲೇ ಇರುತ್ತಿತ್ತು.

ಈ ಚಳಿಗಾಲದಲ್ಲಿ ಸ್ಕೂಟರು ಕೈಕೊಡತೊಡಗಿತು. ವೇಗ ತಗ್ಗಿಸಿದರೆ ಸಾಕು, ಗಕ್ಕನೆ ಬಂದ್. ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನ ನಿಲೇಶ ಬಗ್ಗಿ ನೋಡಿ, ಕಾರ್ಬೊರೇಟರಿನಲ್ಲಿ ಕಸ ಕೂತಿದೆ ಎಂದ. ಎರಡು ಸಲ ತೊಳೆದೂ ಕೊಟ್ಟ. ಮೂರನೆಯ ಸಲ ಹೋದಾಗ ಅವನ ಮುಂದೆ ಗಾಡಿಗಳ ಸಾಲೇ ನಿಂತಿತ್ತು. "ಸ್ವಾಮಿ, ಉದ್ಯಾ ಯಾ," ಎಂದ ಮರಾಠಿಯಲ್ಲಿ. ನಾಳೆ ಬಾ ಅನ್ನುವ ಆ ಮಾತು ಕೇಳಿದರೇ ರೇವಯ್ಯನ ಮೈಯೆಲ್ಲ ಉರಿಯುತ್ತಿತ್ತು. ಗ್ಯಾರೇಜಿಗೆ ಕೊಡುವ ದುಡ್ಡಿಗಿಂತ ಅಲ್ಲಿ ಕಾಯುವುದೇ ಅವನಿಗೆ ತುಟ್ಟಿ.

ಮರುದಿನ ಮುಂಜಾನೆ ಮೊಬೈಲಿನಲ್ಲಿ ವಿಡಿಯೊ ಹಚ್ಚಿಕೊಂಡು ತಾನೇ ಕಾರ್ಬೊರೇಟರು ಬಿಚ್ಚತೊಡಗಿದ. ಹೆಂಡತಿ ಪಾರ್ವತಿಬಾಯಿ ಹೊಸ್ತಿಲಲ್ಲಿ ನಿಂತು ನೋಡಿದಳು.

"ಇದು ತಾಳ್ಮಿ ಕೆಲ್ಸ ಅದ್ರಿ. ನಿಮಗ ಅರ್ಧ ತಾಸು ಒಂದ್ ಕಡಿ ಕುಂದ್ರಲಾಕ ಆಗಲ್ಲ."

"ನಿಲೇಶನ ದುಕಾನದಾಗ ಕುಂದ್ರೂದಕ್ಕಿಂತ ಇದು ಛಲೋ ಅಲ್ಲೇನು?"

ಸ್ಟೀಲ್ ತಾಟಿನಲ್ಲಿ ಪೆಟ್ರೋಲು ಸುರಿದು ಒಂದೊಂದೇ ಬಿಡಿಭಾಗ ಅದ್ದಿದ. ಕೂದಲೆಳೆಯಷ್ಟು ತೂತಿನ ಹಿತ್ತಾಳೆಯ ಜೆಟ್ಟು, ಪೆಟ್ರೋಲಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಪುಟ್ಟ ಫ್ಲೋಟು, ಅದು ಮೇಲೆದ್ದಾಗ ಪೆಟ್ರೋಲಿನ ದಾರಿ ಮುಚ್ಚುವ ಸೂಜಿ. ಹಳೆಯ ಧೋತರದ ತುಂಡಿನಿಂದ ಎಲ್ಲವನ್ನೂ ಒರೆಸುತ್ತಿರುವಾಗಲೇ ಫೋನು ಬಂತು. ಮಾಕಣಿಯಿಂದ, ಗೌರಾಬಾಯಿಯ ಮಗ ವೈಜನಾಥ.

"ಅಯ್ಯನೋರ, ಅವ್ವ ಹೋದಳ್ರಿ. ಚಾ ಕುಡ್ದು ಮಲಗಿದಾಕಿ ಏಳಲೇ ಇಲ್ಲ. ನೀವು ಬಂದ ಮ್ಯಾಲೇ ಮಣ್ಣು."

"ಹೊಂಟೆ," ಎಂದುಬಿಟ್ಟ ರೇವಯ್ಯ. ಫೋನು ಇಟ್ಟ ಮೇಲೆ ಕೆಳಗೆ ನೋಡಿದರೆ ಸ್ಕೂಟರಿನ ಹೊಟ್ಟೆಯೊಳಗಿನದೆಲ್ಲ ತಾಟಿನಲ್ಲಿತ್ತು.

"ಬಸ್ಸಿಗೆ ಹೋಗ್ರಿ," ಎಂದಳು ಪಾರ್ವತಿಬಾಯಿ. ಬಸ್ಸಿಗೆ ಕಾಯುವಷ್ಟು ಹೊತ್ತಿನಲ್ಲಿ ಜೋಡಿಸಿಯೇ ಬಿಡುತ್ತೇನೆಂದ. ಒಂದು ಸ್ಕ್ರೂ ಉರುಳಿ ತುಳಸಿ ಕಟ್ಟೆಯ ಹಿಂದೆ ಹೋಯಿತು. ಗಂಡ ಹೆಂಡತಿ ಇಬ್ಬರೂ ಮಣ್ಣು ಕೆದಕಿ ಹುಡುಕಿದರು. ಅಂತೂ ಮಧ್ಯಾಹ್ನದ ಹೊತ್ತಿಗೆ ಗಾಡಿ ಚಾಲೂ ಆಯಿತು. ವಿಭೂತಿ, ರುದ್ರಾಕ್ಷಿಯ ಜೋಳಿಗೆ ಹೆಗಲಿಗೆ ಏರಿಸಿ ಹೊರಟೇಬಿಟ್ಟ.

ಲೋಹಾರಾ ದಾಟಿದ್ದನೋ ಇಲ್ಲವೋ, ಕಾಲಬುಡದಲ್ಲಿ ಪೆಟ್ರೋಲಿನ ವಾಸನೆ ಗಮ್ಮೆಂದಿತು. ಸ್ಕೂಟರು ಎರಡು ಸಲ ಕೆಮ್ಮಿ ನಿಂತಿತು. ಕೆಳಗೆ ತೊಟತೊಟ ಸೋರುತ್ತಿತ್ತು. ಕಿಕ್ ಒದ್ದ, ತಳ್ಳಿ ನೋಡಿದ, ಇಳಿದು ಸುತ್ತ ತಿರುಗಿದ. ಎರಡೂ ಬದಿಗೆ ತೊಗರಿ ಕೊಯ್ದ ಬರಿಯ ಹೊಲ. ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಅಲ್ಲಿ ಮುದುಕಿಯನ್ನು ಕೂರಿಸಿಕೊಂಡು ಊರೇ ಕಾಯುತ್ತಿದೆ, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು.

ಕೊನೆಗೆ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ ಮರಳುತ್ತಿದ್ದ ಟ್ರ್ಯಾಕ್ಟರೊಂದು ನಿಂತಿತು. ಸ್ಕೂಟರನ್ನು ಖಾಲಿ ಟ್ರಾಲಿಗೆ ಏರಿಸಿದರು. ಅದರ ಹ್ಯಾಂಡಲ್ ಹಿಡಿದು ರೇವಯ್ಯ ಟ್ರಾಲಿಯಲ್ಲಿ ನಿಂತ. ಟ್ರ್ಯಾಕ್ಟರು ತನ್ನ ನಡಿಗೆಯಲ್ಲೇ ನಡೆಯಿತು. ಓಡಿಸುವವನಿಗೆ ಜೋರು ಮಾಡೆಂದು ಎಷ್ಟು ಕೂಗಿದರೂ ಕೇಳಿಸಲಿಲ್ಲ.

ಮಾಕಣಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಗೌರಾಬಾಯಿಯನ್ನು ಕೂರಿಸಿದ್ದರು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು. ಯಾರೂ ಬೈಯಲಿಲ್ಲ. "ಬಂದ್ರಲ್ಲ, ಆತು," ಎಂದ ವೈಜನಾಥ, ಅಷ್ಟೆ. ರೇವಯ್ಯ ಬಚ್ಚಲಿಗೆ ಹೋಗಿ ಸಬಕಾರ ಹಚ್ಚಿ, ಬೂದಿ ಹಚ್ಚಿ ಕೈ ತಿಕ್ಕಿದ. ವಾಸನೆ ಹೋಗಲಿಲ್ಲ. ಮುದುಕಿಯ ಹಣೆ ಮುಟ್ಟುವಾಗ ತನ್ನ ಬೆರಳಿನ ಪೆಟ್ರೋಲು ವಾಸನೆ ತನ್ನ ಮೂಗಿಗೇ ಬಡಿದು ಮಂತ್ರ ತಪ್ಪಿತು. ಮೊದಲಿನಿಂದ ಹೇಳಿದ. ಹೊಲದಲ್ಲಿ ಮಣ್ಣು ಮುಚ್ಚುವಷ್ಟರಲ್ಲಿ ಹೊತ್ತು ಮುಳುಗಿತು.

ಅಂದು ಅಲ್ಲಿಯೇ ಉಳಿದ. ಬೆಳಗಾದ ಮೇಲೆ ಮನೆ ತುಂಬ ನೆಂಟರು, ಹಾಡಿಕೊಂಡು ಅಳುವ ಹೆಂಗಸರು. ವೈಜನಾಥ ಮಾತ್ರ ಕಲ್ಲಿನ ಹಾಗಿದ್ದ. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಂಗಳಕ್ಕೆ ಬಂದು ಸ್ಕೂಟರಿನ ಮುಂದೆ ನಿಂತ.

"ಅಯ್ಯನೋರ, ಒಳಗ ಕುಂತ್ರ ಉಸಿರು ಕಟ್ತದ. ನಿಮ್ಮ ಗಾಡಿ ಬಿಚ್ಚೋಣೇನು?"

"ನಿನಗ ಬರ್ತದೇನಪಾ?"

"ಇಲ್ರಿ. ನಿಮಗೂ ಬರಲ್ಲ ಅಂತ ಕಾಣಸ್ತದ."

ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಇಬ್ಬರೂ ಕೂತರು. ರೇವಯ್ಯನ ಕೈ ಅವಸರ ಮಾಡಿದಾಗಲೆಲ್ಲ ವೈಜನಾಥ ತಡೆಯುತ್ತಿದ್ದ. ತೆಗೆದದ್ದನ್ನು ತೆಗೆದ ಸಾಲಿನಲ್ಲೇ ಇಡುತ್ತಿದ್ದ. ಫ್ಲೋಟಿನ ಕೆಳಗಿನ ಸೂಜಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ, ಅದರ ಮೂತಿಗೆ ಬಿಳಿಯ ನೂಲೊಂದು ಸುತ್ತಿಕೊಂಡಿತ್ತು.

"ಇದು ನಿಮ್ಮ ಧೋತರದ ಎಳಿ ಅಲ್ಲೇನ್ರಿ?"

ಹೌದು. ಆ ಎಳೆ ಅಡ್ಡ ನಿಂತದ್ದರಿಂದ ಪೆಟ್ರೋಲಿನ ದಾರಿ ಮುಚ್ಚಿರಲಿಲ್ಲ, ಅದಕ್ಕೇ ಸೋರಿದ್ದು. ರೇವಯ್ಯನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ನಗು ನುಂಗಿಕೊಂಡ. ಸೈಕಲ್ ಪಂಪಿನಿಂದ ಜೆಟ್ಟಿಗೆ ಗಾಳಿ ಊದಿ, ಮತ್ತೆ ಜೋಡಿಸಿದರು. ಎರಡನೆಯ ಒದೆತಕ್ಕೆ ಸ್ಕೂಟರು ಹತ್ತಿಕೊಂಡಿತು. ಇಬ್ಬರೂ ಕೈ ಬಿಟ್ಟು ಹಿಂದೆ ಸರಿದರು. ಅದು ನಿಲ್ಲಲಿಲ್ಲ, ತನ್ನಷ್ಟಕ್ಕೆ ಗುರುಗುಟ್ಟುತ್ತಲೇ ಇತ್ತು. ಅದನ್ನೇ ನೋಡುತ್ತಿದ್ದ ವೈಜನಾಥನ ಗದ್ದ ಅದುರಿತು. ಮರಕ್ಕೆ ಹಣೆ ಹಚ್ಚಿ, ಸಣ್ಣ ಕೂಸಿನ ಹಾಗೆ ದನಿ ತೆಗೆದು ಅತ್ತುಬಿಟ್ಟ. ರೇವಯ್ಯ ಬೆನ್ನ ಮೇಲೆ ಕೈಯಿಟ್ಟು, ಅವನ ಅಳು ತಗ್ಗುವವರೆಗೂ ಕದಲದೆ ನಿಂತ.

ಆ ವಾರ ಸ್ಕೂಟರು ಮತ್ತೆ ತಡೆತಡೆದು ಓಡಿದಾಗ ನಿಲೇಶನಲ್ಲಿಗೇ ಒಯ್ದ. ಪೆಟ್ರೋಲು ಟಾಕಿಯ ತಳದಲ್ಲಿ ತುಕ್ಕು ಹಿಡಿದಿದೆ, ಕಸವೆಲ್ಲ ಅಲ್ಲಿಂದಲೇ ಇಳಿಯುತ್ತಿದೆ, ಇದು ಮನೆಯಲ್ಲಿ ಆಗುವ ಕೆಲಸವಲ್ಲ ಎಂದ ನಿಲೇಶ. ಕಾರ್ಬೊರೇಟರು ಬಿಚ್ಚಿ ನೋಡಿ, ಇದನ್ನು ಯಾರು ತೊಳೆದರು, ಚೆನ್ನಾಗಿ ಕೂರಿಸಿದ್ದಾರೆ ಎಂದು ಕೇಳಿದ.

"ಮಾಕಣಿ ವೈಜನಾಥ," ಎಂದ ರೇವಯ್ಯ. ಕೀಲಿ ಅವನ ಕೈಗೆ ಕೊಡುತ್ತ, "ನಾನೂ ಇದ್ದೆ," ಎಂದ.

ಗಾಡಿ ಅಲ್ಲೇ ಬಿಟ್ಟು ಶಿರೂರಿನ ಮದುವೆಗೆ ಬಸ್ಸಿಗೇ ಹೊರಟ. ಬಸ್ ಸ್ಟ್ಯಾಂಡಿನಲ್ಲಿ ಬೆಂಚು ಖಾಲಿಯಿತ್ತು. ಬಸ್ಸು ಬರುವವರೆಗೂ ಅವನು ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಲೇ ಇದ್ದ.