ನಡುಮನೆಯಲ್ಲಿದ್ದಾಳೆ ಎಂದಿತ್ತು ಫೋನು

ಅಕ್ಕನಿಗೆ ಮೊದಲ ಸಲ ಫಿಟ್ಸ್ ಬಂದಾಗ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಮಾತು ಅರ್ಧಕ್ಕೆ ನಿಂತಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮಧುಗಿರಿ ಆಸ್ಪತ್ರೆಯಿಂದ ತುಮಕೂರಿಗೆ ಕಳಿಸಿದರು. ಸ್ಕ್ಯಾನ್ ಮಾಡಿಸಿ ಮಾತ್ರೆ ಬರೆದ ಡಾಕ್ಟರು, ಒಬ್ಬಳನ್ನೇ ಬಿಡಬೇಡಿ ಎಂದರು.

ಪುರವರದಲ್ಲಿ ನನ್ನದು ಹಿಟ್ಟಿನ ಗಿರಣಿ. ಮನೆ ಅದರ ಹಿಂದೆಯೇ. ಇರುವುದು ನಾವಿಬ್ಬರೇ. ಗಿರಣಿ ತಿರುಗುವಾಗ ಒಳಗೆ ಯಾರು ಕೂಗಿದರೂ ಕೇಳುವುದಿಲ್ಲ, ಅದಕ್ಕೇ ರಾಗಿ ಸುರಿದು ಆಗಾಗ ಓಡಿಹೋಗಿ ಇಣುಕಿ ಬರುತ್ತಿದ್ದೆ. ಕೊರಟಗೆರೆಯಲ್ಲಿ ಕ್ಯಾಮೆರಾ ಹಾಕುವವನೊಬ್ಬ ಉಪಾಯ ಹೇಳಿದ. ಅಂಗಿ ಗುಂಡಿಯಷ್ಟಿರುವ, ಸಂಕೇತ ಕಳಿಸುತ್ತಲೇ ಇರುವ ಒಂದು ಬೀಕನ್ ಅಕ್ಕನ ಮೈಮೇಲಿರಬೇಕು. ಕೋಣೆಗೊಂದು ಪುಟ್ಟ ಡಬ್ಬಿ. ಬೀಕನ್ ಯಾವ ಡಬ್ಬಿಗೆ ಹತ್ತಿರವಿದೆಯೋ ಆ ಕೋಣೆಯ ಹೆಸರು ಬ್ಲೂಟೂತ್‌ನಿಂದ ತಿಳಿದು ನನ್ನ ಫೋನಿನಲ್ಲಿ ಬರುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅಷ್ಟು ಓದಲು ಬರುತ್ತದೆ.

ಕೊರಳಿಗೆ ಹಾಕಿಕೋ ಅಂದರೆ ಬೈದಳು. "ನಾನೇನು ಮೇಯಾಕೆ ಬುಟ್ಟಿರೋ ಎಮ್ಮೇನೇನ್ಲಾ, ಗಂಟೆ ಕಟ್ಟಾಕೆ?"

"ಎಲೆಚೀಲದಾಗಾದ್ರೂ ಇಟ್ಕಳಕ್ಕ. ಅದನ್ನ ನೀನು ನಿದ್ದೇಲೂ ಬುಡಾಕಿಲ್ಲ."

ನಕ್ಕಳು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆ ಚೀಲದೊಳಗೆ ನಾನೇ ಇಟ್ಟೆ. ಅಡುಗೆಮನೆ, ದೇವರಕೋಣೆ, ನಡುಮನೆ. ಫೋನು ಸರಿಯಾಗಿಯೇ ಹೇಳುತ್ತಿತ್ತು.

ನಾನು ಇಣುಕುವುದು ಬಿಟ್ಟೆ.

ಸೋಮವಾರ ಅಕ್ಕನದು ಒಪ್ಪತ್ತು. ಸಂಜೆ ಪೂಜೆ, ಊಟ ಆಗುವವರೆಗೂ ಎಲೆಅಡಿಕೆ ಹಾಕಿಕೊಳ್ಳುವುದಿಲ್ಲ. ಚೀಲವನ್ನು ನಡುಮನೆಯ ಮೊಳೆಗೆ ತಗುಲಿಹಾಕುತ್ತಾಳೆ. ನನಗೆ ಬುದ್ಧಿ ಬಂದಾಗಿನಿಂದ ಅದನ್ನು ನೋಡಿಕೊಂಡೇ ಬಂದಿದ್ದೇನೆ.

ಆ ಸೋಮವಾರ ಫೋನು ನೋಡಿದಾಗಲೆಲ್ಲ ನಡುಮನೆ. ಮಲಗಿರಬೇಕು ಅಂದುಕೊಂಡೆ. ಗಿರಾಕಿಗಳ ಜೊತೆ ಹರಟುತ್ತಾ ರಾಗಿ ಬೀಸಿದೆ. ಹುರಿಯಲು ಇಟ್ಟ ಕಡಲೆಬೀಜ ಸೀದ ವಾಸನೆ ಗಿರಣಿಗೆ ಬಂದ ಮೇಲೆ ಒಳಗೆ ಹೋದೆ.

ಅಕ್ಕ ಅಡುಗೆಮನೆಯಲ್ಲಿ ಬಿದ್ದಿದ್ದಳು. ಎಡಗೈ ಒಲೆಯ ಕೆಂಡದ ಮೇಲಿತ್ತು. ಮೈ ಇನ್ನೂ ಅದುರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು. "ಫಿಟ್ಸ್ ಎಷ್ಟು ಹೊತ್ತಿಂದ ಇದೆ?"

"ಶುರುವಾದ ತಕ್ಷಣ ಕರ್ಕಂಡು ಬಂದ್ವಿ ಮೇಡಂ. ನಾನು ಪಕ್ಕದಾಗೇ ಇದ್ದೆ."

ಸುಳ್ಳು. ಜೊತೆಗೆ ಬಂದ ಊರವರ ಮುಂದೆ ನಿಜ ಹೇಳಲು ನಾಚಿಕೆಯಾಯಿತು.

ಅವರು ಕೈ ನೋಡಿದರು. "ಪಕ್ಕದಲ್ಲಿದ್ದರೆ ಇಷ್ಟು ಸುಡ್ತಿತ್ತಾ? ನಿಜ ಹೇಳಿ. ನಾನು ಇಂಜೆಕ್ಷನ್ ಕೊಡೋದು ನಿಮ್ಮ ಮಾತಿನ ಮೇಲೆ."

"ಗೊತ್ತಿಲ್ಲ ಮೇಡಂ. ನಾನು ನೋಡೇ ಇಲ್ಲ."

ಬೈಯಲಿಲ್ಲ. ನರ್ಸನ್ನು ಕೂಗಿ, ಅಕ್ಕನನ್ನು ಐಸಿಯುಗೆ ಸಾಗಿಸಿದರು. ಆ ಬಾಗಿಲ ಹೊರಗೆ ಕೂತಾಗ ನನಗೆ ಅನ್ನಿಸಿದ್ದು, ಆ ಯಂತ್ರ ಒಂದು ಸುಳ್ಳನ್ನೂ ಹೇಳಿರಲಿಲ್ಲ, ಬೀಕನ್ ಇದ್ದ ಜಾಗವನ್ನೇ ಹೇಳಿತ್ತು, ಸೋಮವಾರ ಚೀಲ ಅಕ್ಕನ ಸೊಂಟದಲ್ಲಿರುವುದಿಲ್ಲ ಎಂದು ತಿಳಿದಿದ್ದವನು ನಾನು.

ಈಗ ಮನೆಗೆ ಬಂದಿದ್ದಾಳೆ. ಮಾತು ನಿಧಾನ. ಎಡಗೈ ಬೆರಳು ಮಡಚಲು ಬರುವುದಿಲ್ಲ, ಬಂದರೂ ತಡವಾಗುತ್ತದಂತೆ. ಬೀಕನ್ ತೋಳಿಗೆ ಕಟ್ಟಿದ್ದೇನೆ. ಫೋನೂ ನೋಡುತ್ತೇನೆ, ಎದ್ದು ಹೋಗಿಯೂ ನೋಡುತ್ತೇನೆ. ನಿನ್ನೆ ಅಕ್ಕನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

"ಸ್ವಾಮಾರ ಅಂತ ಗೊತ್ತಿರ್ನಿಲ್ವೇನ್ಲಾ?"

"ಗೊತ್ತಿತ್ತು ಕಣಕ್ಕ. ಫೋನ್ ನೋಡಿ ಸುಮ್ಕಾಗ್ಬುಟ್ಟೆ."

ಅಕ್ಕ ಬಲಗೈ ಮುಂದೆ ಚಾಚಿದಳು.

"ಈ ಕೈ ಉಗುರು ಕತ್ತರಿಸ್ಕೊಳಾಕೆ ನಂಗಾಗಾಕಿಲ್ಲ. ನೀನೇ ಕತ್ತರಿಸು."

ಬ್ಲೇಡು ತಂದು ಅವಳ ಹೆಬ್ಬೆರಳು ಹಿಡಿದೆ. ಅವಳು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.