ಟೈಲರಮ್ಮನ ಮಷೀನು, ಅತ್ತೆಯ ಕಥೆ

"ರೇಡಿಯೋ ಆದ್ರೆ ಕಿವಿ ಹಿಂಡಿದ್ರೆ ಬಾಯಿ ಮುಚ್ಚುತ್ತೆ. ಇವಳಿಗೆ ಯಾವ ಕಿವಿ ಹಿಂಡೋದು?" ನಮ್ಮತ್ತೆಯ ಬಗ್ಗೆ ವಠಾರದವರು ಆಡುತ್ತಿದ್ದ ಮಾತಿದು. ಹಾಗೆ ಆಡಿದವರೇ ಸಂಜೆಯಾದರೆ ತರಕಾರಿ ಮೊರ ಹಿಡಿದು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು.

ಅತ್ತೆ ಕಥೆ ಬರೆಯುವವಳು. ನಾಲ್ಕಾರು ಪುಸ್ತಕ ಅಚ್ಚಾಗಿದ್ದವು. ಆದರೆ ಬಾಯಲ್ಲಿ ಹೇಳಿ ನೋಡದೆ ಒಂದು ಸಾಲನ್ನೂ ಕಾಗದಕ್ಕಿಳಿಸಿದವಳಲ್ಲ. ಹೇಳುವಾಗ ಅವಳ ಕಣ್ಣು ಕೇಳುವವರ ಕೈಯ ಮೇಲೆಯೇ ಇರುತ್ತಿತ್ತು. "ಮುಖ ಮರ್ಯಾದೆಗೆ ನಗುತ್ತೆ ಕಣೇ, ಕೈಗೆ ಮರ್ಯಾದೆ ಗೊತ್ತಿಲ್ಲ," ಎನ್ನುತ್ತಿದ್ದಳು ನನಗೆ. ಬಟಾಣಿ ಸುಲಿಯುವ ಕೈ ತಾನಾಗಿ ನಿಂತರೆ ಕಥೆ ಬೆಂದಿದೆ ಎಂದರ್ಥ. ಎಷ್ಟು ಮನೆಯ ಹಾಲು ಉಕ್ಕಿ ಹೋಯಿತೋ! "ನಮ್ಮನೇಲಿ ಆ ಭಯ ಇಲ್ಲ, ಹಾಲು ತರೋದೇ ಮರೆತಿರ್ತಾಳೆ," ಎಂದು ಮಾವ ನಗಿಸುತ್ತಿದ್ದರು.

ಒಬ್ಬಳು ಮಾತ್ರ ಜಗ್ಗುತ್ತಿರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯ ಟೈಲರಮ್ಮ. ಕಥೆಯಲ್ಲಿ ರಾಜಕುಮಾರ ಸಾಯಲಿ, ಊರು ಮುಳುಗಲಿ, ಅವಳ ಕಾಲು ಮಷೀನು ತುಳಿಯುತ್ತಲೇ ಇರುತ್ತಿತ್ತು.

"ಒಂದು ಸಲ ನಿಲ್ಲಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅತ್ತೆ ರೇಗುತ್ತಿದ್ದಳು.

"ನಿಲ್ಲಿಸೋ ಹಾಗೆ ಹೇಳು, ನಿಲ್ಲಿಸ್ತೀನಿ. ಅಂಚು ಹೊಲಿದಿಲ್ಲ ನೀನು, ಎಳೆ ಬಿಚ್ಚಿಕೊಂಡಿದೆ."

ಅತ್ತೆ ಮೇಲೆ ಬಂದು ಅದೇ ಕಥೆಯನ್ನು ಗೋಡೆಗೆ ಮತ್ತೆ ಹೇಳುತ್ತಿದ್ದಳು. "ಆ ಕಾಲು ನಿಲ್ಲಿಸೋವರೆಗೂ ನಾನೆಂಥ ಕಥೆಗಾರ್ತಿ!" ಹೀಗೆಯೇ ಇಬ್ಬರ ತಲೆಯೂ ನರೆಯಿತು.

ಆಮೇಲೆ ಅತ್ತೆಯ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಸಂಜೆಯ ಮೆಟ್ಟಿಲು ಬರಿದಾಯಿತು, ಮಷೀನಿನ ಸದ್ದೊಂದೇ ಉಳಿಯಿತು. ವರ್ಷ ತುಂಬುವ ಮೊದಲೇ ಗಡ್ಡೆ ಮರಳಿ ಬಂತು.

ಮತ್ತೆ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಆಟೋ ಬಾಗಿಲಲ್ಲಿತ್ತು, ಚೀಲ ನನ್ನ ಕೈಯಲ್ಲಿತ್ತು. ಮೆಟ್ಟಿಲಿಳಿದ ಅತ್ತೆ ಆಟೋ ಕಡೆ ಹೋಗದೆ, ಟೈಲರಮ್ಮನ ಎದುರು ಸ್ಟೂಲೆಳೆದು ಕುಳಿತಳು.

ಅತ್ತೆಯ ಕೈಗಳು ಗಾಳಿಯಲ್ಲಿ ಹುಟ್ಟು ಹಾಕಿದವು. ದೋಣಿಯವನು. ಬೆನ್ನು ಬಾಗಿತು. ಮುದುಕ. ಅಂಗೈ ಬಾಯಿಗೆ ಹಿಡಿದು, ಬರುವವರಿದ್ದೀರಾ ಎಂದು ಆಚೆ ದಡಕ್ಕೆ ಕೂಗಿದ. ದನಿ ಹೊರಡಲಿಲ್ಲ. ಮತ್ತೆ ಕೂಗಿದ. ಊಹೂಂ. ಹುಟ್ಟು ಕೆಳಗಿಟ್ಟ. ಅಷ್ಟರಲ್ಲಿ ಅತ್ತೆಯ ತಲೆ ಸರ್ರನೆ ತಿರುಗಿತು, ಕೈ ಕಿವಿಗೆ ಹೋಯಿತು. ಆಚೆ ದಡದಿಂದ ಯಾರೋ ಅವನನ್ನೇ ಕೂಗುತ್ತಿದ್ದರು!

ನನಗೂ ಕೇಳಿಸಿತು. ಆಣೆ ಮಾಡಿ ಹೇಳುತ್ತೇನೆ, ಹೊಳೆಯ ಸದ್ದೂ ಕೇಳಿಸಿತು. ಅಷ್ಟು ನಿಚ್ಚಳವಾಗಿ ಹೇಗೆ ಕೇಳಿಸಿತೆಂದು ಆಮೇಲೆ ಹೊಳೆಯಿತು. ಮಷೀನು ನಿಂತಿತ್ತು.

"ಯಾರೇ ಅದು?" ಟೈಲರಮ್ಮ ಮುಂದಕ್ಕೆ ಬಾಗಿದ್ದಳು. "ಕೂಗಿದ್ದು ಯಾರು?"

ಅತ್ತೆ ಪೆಡಲಿನ ಮೇಲೆ ಸುಮ್ಮನಿದ್ದ ಆ ಕಾಲನ್ನು ನೋಡಿದಳು. ಮುಖವೆಲ್ಲ ಬೆಳಕಾಗಿ, ಸದ್ದಿಲ್ಲದೆ ನಕ್ಕಳು. ಬಂದು ಹೇಳ್ತೀನಿ ಎಂದು ಕೈಯಾಡಿಸಿ ಎದ್ದಳು.

"ಲೇ, ಅರ್ಧಕ್ಕೆ ಬಿಟ್ಟು ಹೋಗ್ತೀಯೇನೇ?"

ಅತ್ತೆ ಹೊಸಿಲು ದಾಟಿದಳು. ಮತ್ತೆಂದೂ ಅದನ್ನು ದಾಟಿ ಒಳಗೆ ಬರಲಿಲ್ಲ. ಆ ಬೆಳಿಗ್ಗೆ ಆಟೋ ಬೀದಿಯ ತಿರುವು ಮುಟ್ಟುವವರೆಗೂ ನಾನು ಕಿವಿಗೊಟ್ಟೇ ಇದ್ದೆ. ಮಷೀನು ಇನ್ನೂ ಶುರುವಾಗಿರಲಿಲ್ಲ.