ಕೆಂಪು ಮೀನಿನ ಮೈಮೇಲೆ ಬಿಳಿ ಚುಕ್ಕೆ

ನಿಮ್ಮ ಅಜ್ಜ ಬೊಂಬಾಯಿಯ ಹೋಟೆಲೊಂದರಲ್ಲಿ ದುಡ್ಡಿನ ಗಲ್ಲೆಯಲ್ಲಿ ಕೂರುತ್ತಿದ್ದ ಕಾಲವದು, ಮಕ್ಕಳೇ. ಮದುವೆಯ ಎರಡನೇ ವರ್ಷ ರಜೆಗೆ ಬಂದಾಗ ದೊಡ್ಡ ಗಾಜಿನ ಜಾಡಿಯಲ್ಲಿ ಎರಡು ಕೆಂಪು ಮೀನು ತಂದಿದ್ದರು. ಬಸ್ಸಿನಲ್ಲಿ ಇಡೀ ದಾರಿ ಮಡಿಲ ಮೇಲಿಟ್ಟುಕೊಂಡಿದ್ದರಂತೆ. ತಿನ್ನುವ ಮೀನಲ್ಲ, ನೋಡುವ ಮೀನು. ಅವರು ಹಿಂದಿರುಗಿದ ಮೇಲೆ ಅವನ್ನು ಸಾಕುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ನೋಡಿದರೆ ಎರಡರ ಮೈಮೇಲೂ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ತಳದ ಕಲ್ಲಿಗೆ ಮೈ ತಿಕ್ಕುತ್ತಿದ್ದವು. ಅತ್ತೆಯನ್ನು ಕರೆದೆ. ಬಗ್ಗಿ ನೋಡಿದವರು ಹಿಂದೆ ಸರಿದು ಕೈಮುಗಿದರು.

"ಅಮ್ಮ ಬಂದಿದ್ಳ್ ಹೆಣ್ಣೇ. ಮುಟ್ಬೇಡ."

ಆಗ ಸಿಡುಬು ಇನ್ನೂ ಇತ್ತು. ಅದು ಬಂದರೆ ಅಮ್ಮ ಬಂದಳು ಎನ್ನುತ್ತಿದ್ದರು. ಮದ್ದು ಕೊಡುತ್ತಿರಲಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ. ಅತ್ತೆ ಜಾಡಿಗೆ ಕಹಿಬೇವಿನ ಎಲೆ ಹಾಕಿಸಿದರು.

"ಬೊಂಬಾಯಿಂದ ಬಂದ್ ಮೀನಿಗೇ ಹೀಂಗಾರೆ, ಅಲ್ಲಿಪ್ಪವ್ನಿಗೆ ಎಂತ ಆಯಿತ್ತೋ!"

ನಾನು ದಿನ ಲೆಕ್ಕ ಹಾಕಿದೆ. ನಿಮ್ಮ ಅಜ್ಜನ ಕಾಗದ ಬಂದು ಮೂರು ವಾರವಾಗಿತ್ತು. ಮೂರನೇ ದಿನ ಒಂದು ಮೀನು ಮಗುಚಿ ತೇಲಿತು. ಸತ್ತದ್ದು ಬರೀ ಮೀನು ಎಂದು ನನಗೆ ಅನ್ನಿಸಲೇ ಇಲ್ಲ.

ಅಂದೇ ಮೀನು ಮಾರುವ ಹೆಂಗಸು ಬುಟ್ಟಿ ಹೊತ್ತು ಬಂದಳು. ಅಮ್ಮ ಬಂದ ಮನೆ, ಮೀನು ಬೇಡ ಎಂದೆ. ಯಾರಿಗೆ ಎಂದು ಕೇಳಿದಳು. ಹೇಳಲು ನಾಚಿಕೆಯಾಗಿ ಜಾಡಿ ತೋರಿಸಿದೆ. ಅವಳು ಬುಟ್ಟಿ ಇಳಿಸಿ ನಕ್ಕಳು.

"ಅಯ್ಯೋ ಮಗಾ, ಮೀನಿಗೆ ಅಮ್ಮ ಬತ್ಳಾ? ಇದ್ ಹುಳ. ಹೊಂಡದ್ ಮೀನಿಗೆ ಆತ್ತ್. ಕಡ್ಲಿನ್ ಉಪ್ಪ್ ನೀರ್ ಏರಿ ಬಂದ್ರೆ ಉದ್ರಿ ಹೋತ್ತ್. ಎಲಿ ತೆಗ್ದ್ ಬಿಸಾಕ್, ಉಪ್ಪ್ ಹಾಕ್."

"ಉಪ್ಪ್ ಹಾಕಿ ಒಣಮೀನ್ ಮಾಡೂಕಾ?" ಅತ್ತೆ ಒಳಗಿನಿಂದಲೇ ಗದರಿದರು.

"ಒಣಮೀನಿಗೆ ಮುಷ್ಟಿಗಟ್ಲೆ ಬೇಕ್ ಒಡ್ತಿಯರೆ. ಇದ್ಕೆ ಗಂಜಿಗ್ ಹಾಕುವಷ್ಟ್ ಸಾಕ್."

ಅವಳು ಹೋದ ಮೇಲೆ ಅತ್ತೆ ಖಂಡಿತ ಬೇಡವೆಂದರು. ಅಮ್ಮನಿಗೆ ಉರಿಯಾದರೆ ಮಗನ ಮೇಲೆ ಸೇಡು ತೀರಿಸುತ್ತಾಳೆ ಎಂದರು. ಅವರ ಮಾತು ಮೀರಿದವಳಲ್ಲ ನಾನು. ಆದರೆ ಉಳಿದ ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಅತ್ತೆ ಮೀಯಲು ಹೋದಾಗ ಎಲೆ ತೆಗೆದು, ತಂಬಿಗೆಯಲ್ಲಿ ಕಲ್ಲುಪ್ಪು ಕರಗಿಸಿ, ನಾಲಿಗೆಗೆ ಮುಟ್ಟಿಸಿ ನೋಡಿ, ಸ್ವಲ್ಪ ಸ್ವಲ್ಪವಾಗಿ ಸುರಿದೆ. ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. ಮೀನು ಒಮ್ಮೆ ಜೋರಾಗಿ ಹೊರಳಿತು. ಕೊಂದೇಬಿಟ್ಟೆ ಎಂದುಕೊಂಡೆ. ಕಣ್ಣು ಮುಚ್ಚಿ, ತಪ್ಪಾಯಿತೆಂದು ಅಮ್ಮನನ್ನು ಬೇಡಿಕೊಂಡೆ. ಹುಳ ಸಾಯಲಿ ಎಂದೂ ಅವಳನ್ನೇ ಬೇಡಿಕೊಂಡೆ.

ಒಣಗಿದ ನೆಲದ ಮೇಲಿನ ಬಿಳಿ ಕಲೆ ಅತ್ತೆಯ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ದಿನಾ ತಳದ ನೀರು ತೆಗೆದು, ಹೊಸ ನೀರಿಗೆ ಅಷ್ಟೇ ಉಪ್ಪು ಬೆರೆಸಿ ಹಾಕುತ್ತಿದ್ದೆ.

ಐದನೇ ಬೆಳಿಗ್ಗೆ ದನದ ಹಟ್ಟಿಯಿಂದ ಒಳಗೆ ಬಂದರೆ, ಅತ್ತೆ ಜಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿನ ಮೇಲೆ ಬೆರಳಿಟ್ಟು ಚುಕ್ಕೆ ಎಣಿಸುತ್ತಿದ್ದರು.

"ನಿನ್ನೆ ಆರ್ ಇದ್ದಿತ್," ಎಂದರು ತಿರುಗದೆಯೇ. "ಇವತ್ತ್ ಬಾಲ್ದಗೆ ಎರಡೇ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಉಪ್ಪಿನ್ ಭರಣಿ ಇಲ್ ತಕಂಡ್ ಬಾ."